‘ಹೋಡಿ’ ಎಂದು ಕೂಗಿ ಬಾಗಿಲಲ್ಲಿ ನಿಂತು

ಕಥೋಲಿಕರಿಗೆ ಅಕ್ಟೋಬರ್ ಮಿಷನ್ ತಿಂಗಳು. ಆ ತಿಂಗಳ ಕೊನೆಯದಕ್ಕೆ ಮುಂಚಿನ ಭಾನುವಾರವನ್ನು ಧರ್ಮಪ್ರಸಾರ ಕಾರ್ಯಕ್ಕೆಂದು ಪೋಪ್ ಹನ್ನೊಂದನೇ ಪಿಯುಸ್ ಗೊತ್ತುಮಾಡಿದ್ದು 1926ರಲ್ಲಿ. ಅದೇ ನೆಪದಲ್ಲಿ ಸಂಪಾದಕರು ಓದುಗರ ಪ್ರಶ್ನೆಗಳ ಕಟ್ಟೊಂದನ್ನು ನನಗೆ ಕಳಿಸಿದ್ದಾರೆ. ನನಗೆ ಇಪ್ಪತ್ತೊಂಬತ್ತು ವರ್ಷ. ಕನ್ಯಾಸ್ತ್ರೀ, ಓದಿದ್ದು ನರ್ಸಿಂಗ್. ನಾಲ್ಕು ವರ್ಷದಿಂದ ತಾಂಜಾನಿಯಾದ ಮ್ವಾಂಝಾ ಪ್ರಾಂತ್ಯದಲ್ಲಿ, ವಿಕ್ಟೋರಿಯಾ ಸರೋವರದ ದಡದ ಒಂದು ಹಳ್ಳಿಯಲ್ಲಿದ್ದೇನೆ. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಲು ಜಾಗ ಸಾಲದು. ಎಂಟನ್ನು ಆರಿಸಿಕೊಂಡಿದ್ದೇನೆ.

ಸಿಸ್ಟರ್, ಬೆಳಗಿನಿಂದ ರಾತ್ರಿಯವರೆಗೆ ನಿಮ್ಮ ದಿನ ಹೇಗಿರುತ್ತದೆ? ಇಡೀ ದಿನ ಪ್ರಾರ್ಥನೆ, ಬೋಧನೆ ಇರುತ್ತದೆಯೇ?
— ಪದವಿ ಓದುತ್ತಿರುವ ವಿದ್ಯಾರ್ಥಿನಿ

ತಂಗಿ, ಬೆಳಗ್ಗೆ ಐದಕ್ಕೆ ಏಳುತ್ತೇನೆ. ಎದ್ದವಳೇ ಹಿತ್ತಲಿಗೆ ಹೋಗಿ ನೀರಿನ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ನಾವು ಬಳಸುವುದು ಹಿಡಿದಿಟ್ಟ ಮಳೆನೀರು. ಸದ್ದು ಎಲ್ಲಿ ಟೊಳ್ಳಾಗುತ್ತದೋ ಅಲ್ಲಿಂದ ಮೇಲೆ ಟ್ಯಾಂಕು ಖಾಲಿ ಎಂದರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗಾಲ. ಆಗ ಆ ಟೊಳ್ಳು ಸದ್ದು ದಿನದಿನಕ್ಕೂ ಕೆಳಗಿಳಿಯುತ್ತದೆ. ಬಟ್ಟೆ ಒಗೆದ ನೀರಲ್ಲಿ ನೆಲ ಒರೆಸಿ, ಉಳಿದದ್ದನ್ನು ಬಾಳೆಯ ಬುಡಕ್ಕೆ ಸುರಿಯುತ್ತೇವೆ.

ಐದೂವರೆಗೆ ನಾವು ನಾಲ್ವರೂ ಪ್ರಾರ್ಥನಾ ಕೋಣೆಯಲ್ಲಿರುತ್ತೇವೆ. ಇಬ್ಬರು ಸಿಸ್ಟರುಗಳು ಈ ನಾಡಿನವರೇ, ಒಬ್ಬರು ಉಗಾಂಡದವರು, ನಾಲ್ಕನೆಯವಳು ನಾನು. ಕೀರ್ತನೆಗಳನ್ನು ಸ್ವಾಹಿಲಿಯಲ್ಲಿ ಹೇಳುತ್ತೇವೆ. ಆರೂವರೆಗೆ ಬಲಿಪೂಜೆ. ಫಾದರ್ ದೂರದ ಉಪಕೇಂದ್ರಗಳಿಗೆ ಹೋದ ದಿನ ಅದೂ ಇರುವುದಿಲ್ಲ. ಎಂಟಕ್ಕೆ ದವಾಖಾನೆಯ ಬಾಗಿಲು ತೆರೆಯುತ್ತೇವೆ, ಆದರೆ ತಾಯಂದಿರು ಏಳಕ್ಕೇ ಬಂದು ಜಗುಲಿಯ ಮೇಲೆ ಕೂತಿರುತ್ತಾರೆ.

ನನ್ನ ದಿನದ ದೊಡ್ಡ ಪಾಲು ಕಳೆಯುವುದು ಅಲ್ಲೇ. ಜ್ವರದ ಮಗು ಬಂದರೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಮಲೇರಿಯಾ ಪಟ್ಟಿಗೆ ಹಾಕುತ್ತೇನೆ. ಗೆರೆ ಮೂಡಲು ಹದಿನೈದು ಇಪ್ಪತ್ತು ನಿಮಿಷ ಬೇಕು. ತಾಯಿ ಪಟ್ಟಿಯನ್ನು ನೋಡುವುದೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಮಲೇರಿಯಾ ಇದ್ದರೆ ಮೂರು ದಿನಕ್ಕೆ ಆರು ಸಲ ಕೊಡುವ ಮಾತ್ರೆ. ಎರಡನೆಯ ದಿನಕ್ಕೆ ಮಗು ಎದ್ದು ಆಡಲು ಶುರುಮಾಡುತ್ತದೆ. ತಾಯಿ ಉಳಿದ ಮಾತ್ರೆಗಳನ್ನು ಬಟ್ಟೆಯ ತುದಿಗೆ ಗಂಟುಕಟ್ಟಿ ಇಟ್ಟುಕೊಳ್ಳುತ್ತಾಳೆ, ಮುಂದಿನ ಮಗುವಿಗೆ ಜ್ವರ ಬಂದಾಗ ಇರಲಿ ಎಂದು. ಬಡವಳ ಜಾಗ್ರತೆ ಅದು, ಬೈಯುವಂಥದ್ದಲ್ಲ. ಆದರೆ ಅರ್ಧಕ್ಕೆ ನಿಲ್ಲಿಸಿದರೆ ಜ್ವರ ಮರಳಿ ಬರುತ್ತದೆ. ಹಾಗಾಗಿ ಮೂರನೆಯ ದಿನ ಸಂಜೆ ನಾನೇ ನೆಪ ಮಾಡಿಕೊಂಡು ಆ ಮನೆಯ ಕಡೆ ಹೋಗುತ್ತೇನೆ.

ಸಂಜೆ ಮನೆಗಳಿಗೆ ಹೋಗುವುದು ನನ್ನ ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಹೊತ್ತು. ಇಲ್ಲಿ ಬಾಗಿಲು ತಟ್ಟುವುದಿಲ್ಲ. ಅಂಗಳದ ಅಂಚಿನಲ್ಲಿ ನಿಂತು ‘ಹೋಡಿ’ ಎಂದು ಕೂಗಬೇಕು. ಒಳಗಿನಿಂದ ‘ಕರಿಬು’ ಎಂದರೆ ಬನ್ನಿ ಎಂದು. ಅದು ಕೇಳುವವರೆಗೂ ಕಾಲು ಮುಂದಿಡುವಂತಿಲ್ಲ. ಮೂರು ಸಲ ಕೂಗಿಯೂ ಉತ್ತರ ಬಾರದಿದ್ದರೆ ಹಿಂತಿರುಗಬೇಕು, ಒಳಗೆ ಮಾತು ಕೇಳಿಸುತ್ತಿದ್ದರೂ ಸರಿ. ‘ಮಿಷನರಿಯ ಕೆಲಸವೇನು’ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಹಾಗೆ ಅಂಗಳದಲ್ಲಿ ನಿಂತ ಆ ಅರ್ಧ ನಿಮಿಷ.

ಏಳಕ್ಕೆ ಜಪಸರ, ಎಂಟಕ್ಕೆ ಊಟ, ಆಮೇಲೆ ರಾತ್ರಿಯ ಪ್ರಾರ್ಥನೆ. ಇಲ್ಲಿ ವಿದ್ಯುತ್ತಿಗೆ ಮುಂಗಡ ಹಣ ಕಟ್ಟಬೇಕು. ಫೋನಿನಲ್ಲಿ ದುಡ್ಡು ಹಾಕಿದರೆ ಇಪ್ಪತ್ತು ಅಂಕಿಗಳ ಸಂಖ್ಯೆ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ‘ಲುಕು’ ಎನ್ನುತ್ತಾರೆ ಅದಕ್ಕೆ. ಲುಕು ಮುಗಿದ ರಾತ್ರಿ ಬೇಗ ಸೊಳ್ಳೆಪರದೆಯೊಳಗೆ ಸೇರಿಕೊಳ್ಳುತ್ತೇವೆ.

ಭಾಷೆ ಗೊತ್ತಿಲ್ಲದ ಊರಿಗೆ ಹೋಗಿ ಜನರ ಜೊತೆ ಹೇಗೆ ಬೆರೆತಿರಿ? ಸ್ವಾಹಿಲಿ ಕಲಿಯುವುದು ಕಷ್ಟವೇ?
— ಪ್ರೌಢಶಾಲೆಯ ಕನ್ನಡ ಶಿಕ್ಷಕರು

ಸಾರ್, ಮೊದಲ ಐದು ತಿಂಗಳು ನನಗೆ ದವಾಖಾನೆಯ ಕೆಲಸವನ್ನೇ ಕೊಡಲಿಲ್ಲ. ‘ಭಾಷೆ ಕಲಿ, ಅದೇ ಈಗ ನಿನ್ನ ಸೇವೆ’ ಎಂದರು ನಮ್ಮ ಮಠದ ಹಿರಿಯರು. ನನಗೋ ತಳಮಳ. ಸೂಜಿ ಹಿಡಿಯಬಲ್ಲ ಕೈ ಸುಮ್ಮನೆ ಪುಸ್ತಕ ಹಿಡಿದು ಕೂತಿದೆಯಲ್ಲ ಎಂದು ಅಳು ಬಂದದ್ದೂ ಉಂಟು. ಆಮೇಲೆ ಅರ್ಥವಾಯಿತು. ಆ ಐದು ತಿಂಗಳು ಈ ಊರಿನ ಮಕ್ಕಳೆಲ್ಲ ನನಗೆ ಗುರುಗಳಾಗಿದ್ದರು. ಕಲಿಸಿದವರಿಗೆ ಕಲಿತವಳ ಮೇಲೆ ಒಂದು ಹಕ್ಕು ಹುಟ್ಟುತ್ತದೆ, ಪ್ರೀತಿಯೂ ಹುಟ್ಟುತ್ತದೆ. ಇವತ್ತಿಗೂ ಒಬ್ಬ ಹುಡುಗ, ಈಗ ಹನ್ನೆರಡು ವರ್ಷ ಅವನಿಗೆ, ನಾನು ಚರ್ಚಿನಲ್ಲಿ ವಾಚನ ಓದಿ ಕೆಳಗಿಳಿದರೆ ಕಣ್ಣಲ್ಲೇ ‘ಸರಿಯಾಗಿತ್ತು’ ಎಂದು ಹೇಳುತ್ತಾನೆ.

ನಿಮಗೆ ಖುಷಿಯಾಗುವ ವಿಷಯ ಒಂದಿದೆ. ಕನ್ನಡದಲ್ಲಿ ನಾವು ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತೇವಲ್ಲ, ಸ್ವಾಹಿಲಿಯವರು ಹೆಚ್ಚಾಗಿ ತಲೆಗೆ ಅಂಟಿಸುತ್ತಾರೆ. ‘ನಿನಕುಪೆಂಡ’ ಎಂಬ ಒಂದೇ ಪದದಲ್ಲಿ ನಾನು, ಈಗ, ನಿನ್ನನ್ನು, ಪ್ರೀತಿಸುತ್ತೇನೆ ಎಂಬ ನಾಲ್ಕೂ ಸಾಲಾಗಿ ಕೂತಿವೆ. ‘ಕಿಟಾಬು’ ಒಂದು ಪುಸ್ತಕ, ‘ವಿಟಾಬು’ ಹಲವು. ಬಹುವಚನ ಬಂದು ಕೂರುವುದು ಪದದ ಮುಂದೆ, ವಿಶೇಷಣವೂ ಅದೇ ವೇಷ ಹಾಕಿಕೊಂಡು ಹಿಂದೆ ಬರುತ್ತದೆ. ಹಾಗಾಗಿ ಕೊನೆಯನ್ನು ಕಾಯುವ ನನ್ನ ಕನ್ನಡದ ಕಿವಿ ಮೊದಮೊದಲು ಪದದ ಅರ್ಧವನ್ನು ಕಳೆದುಕೊಂಡುಬಿಡುತ್ತಿತ್ತು. ಪದಗಳು ಮಾತ್ರ ನೆಂಟರ ಹಾಗೆ ಸಿಕ್ಕವು. ಸೋಪಿಗೆ ಸಬುನಿ, ಗಾಳಿಗೆ ಹೇವಾ, ಬಣ್ಣಕ್ಕೆ ರಂಗಿ, ವಾಹನಕ್ಕೆ ಗರಿ, ಔಷಧಿಗೆ ದಾವಾ, ಲೋಕಕ್ಕೆ ದುನಿಯಾ, ಲಾಯರಿಗೆ ವಕಿಲಿ. ಅರಬ್ಬಿ ಕಡಲಿನ ಹಾಯಿಹಡಗುಗಳು ಎರಡೂ ದಡಗಳಿಗೆ ಇಳಿಸಿಹೋದ ಸರಕು ಇವು. ಮೊದಲ ತಿಂಗಳು ಒಂದೊಂದು ಪದ ಸಿಕ್ಕಾಗಲೂ ಮನೆಯವರೇ ಎದುರು ಬಂದಷ್ಟು ಸಂತೋಷವಾಗುತ್ತಿತ್ತು.

ಗಡಿಯಾರದಲ್ಲಿ ಮಾತ್ರ ಸೋತೆ. ಇಲ್ಲಿ ಗಂಟೆಯನ್ನು ಹಗಲಿನ ಆರಂಭದಿಂದ ಎಣಿಸುತ್ತಾರೆ. ಬೆಳಗಿನ ಏಳು ಎಂದರೆ ‘ಒಂದು ಗಂಟೆ’. ಮ್ವಾಂಝಾ ಭೂಮಧ್ಯರೇಖೆಗೆ ತೀರ ಹತ್ತಿರ. ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ಇರುಳು. ಆದ್ದರಿಂದ ಈ ಲೆಕ್ಕ ಇಲ್ಲಿಗೆ ಸರಿಯಾಗಿಯೇ ಕೂರುತ್ತದೆ. ಹೆಂಗಸರ ಸಭೆ ‘ಸಾ ಟಾಟು’, ಅಂದರೆ ಮೂರು ಗಂಟೆಗೆ ಎಂದಿದ್ದರು. ನಾನು ಮಧ್ಯಾಹ್ನ ಮೂರಕ್ಕೆ ಹೋದೆ. ಅವರು ಬೆಳಗಿನ ಒಂಬತ್ತರಿಂದ ಕೂತಿದ್ದರು. ಒಬ್ಬರೂ ಗೊಣಗಲಿಲ್ಲ. ಒಬ್ಬ ಅಜ್ಜಿ ‘ಪೋಲೆ’ ಎಂದು ನನ್ನನ್ನೇ ಸಂತೈಸಿದರು, ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದೆಯಲ್ಲ ಎಂದು.

ಆ ಹಿರಿಯರು ನನ್ನನ್ನು ಯಾಕೆ ಹಾಗೆ ಕಾಯಿಸಿದರು ಎಂಬುದಕ್ಕೆ ಹಳೆಯ ಬೇರು ಇದೆ. ಈ ಸರೋವರದ ಸೀಮೆಗೆ ಬಂದ ಮೊದಲ ಕಥೋಲಿಕ ಮಿಷನರಿಗಳು ವೈಟ್ ಫಾದರ್ಸ್ ಎಂಬ ಗುರುಸಂಘದವರು. 1878ರಲ್ಲಿ ಕರಾವಳಿಯ ಬಾಗಮೊಯೊದಿಂದ ಕಾಲ್ನಡಿಗೆಯಲ್ಲಿ ಹೊರಟು ತಿಂಗಳುಗಟ್ಟಲೆ ನಡೆದು ಇಲ್ಲಿಗೆ ಮುಟ್ಟಿದರು. ಅವರ ಸಂಸ್ಥಾಪಕ ಕಾರ್ಡಿನಲ್ ಲವಿಜರಿ ಇಟ್ಟಿದ್ದ ನಿಯಮ ಸರಳವಾಗಿತ್ತು. ಜನರ ಭಾಷೆ ಆಡು, ಜನರ ಊಟ ಉಣ್ಣು, ಜನರ ಉಡುಪು ಉಡು. ಹೇಳುವುದು ಸುಲಭ. ಎಷ್ಟು ಮಂದಿ ಎಷ್ಟರ ಮಟ್ಟಿಗೆ ಪಾಲಿಸಿದರು ಎನ್ನುವುದು ಬೇರೆ ಮಾತು. ಆದರೂ ಭಾಷೆಯನ್ನು ಮೊದಲು ಇಟ್ಟದ್ದು ಸರಿ ಎಂದು ನನಗೆ ಈಗ ಅನ್ನಿಸುತ್ತದೆ.

ಇನ್ನೂ ಒಂದು ಭಾಷೆ ಬಾಕಿ ಇದೆ. ಇಲ್ಲಿನ ಜನ ಸುಕುಮಾ ಸಮುದಾಯದವರು. ತಾಂಜಾನಿಯಾದ ಅತಿ ದೊಡ್ಡ ಬುಡಕಟ್ಟು ಇದು. ಮನೆಯೊಳಗೆ ಅಜ್ಜಿಯರು ಆಡುವುದು ಕಿಸುಕುಮಾ. ನೋವನ್ನು ಯಾರೂ ಎರಡನೆಯ ಭಾಷೆಯಲ್ಲಿ ಪೂರ್ತಿ ಹೇಳಲಾರರು. ಅದಕ್ಕೇ ಈಗ ನಿಧಾನವಾಗಿ ಅದನ್ನೂ ಕಲಿಯುತ್ತಿದ್ದೇನೆ.

ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ನೀವು ಅಲ್ಲಿಗೆ ಹೋಗಿರುವುದು ಮತಾಂತರಕ್ಕೇ ಅಲ್ಲವೇ? ಔಷಧಿ ಕೊಟ್ಟು ಧರ್ಮ ಬದಲಿಸುವುದು ಸರಿಯೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ

ಬೇಸರವಿಲ್ಲ. ನೇರ ಪ್ರಶ್ನೆಗೆ ನೇರ ಉತ್ತರ. ಔಷಧಿ ಕೊಟ್ಟು ಧರ್ಮ ಬದಲಿಸುವುದು ಸರಿಯಲ್ಲ. ಹಾಗೆ ಮಾಡಿದರೆ ಅದು ನನ್ನ ವ್ರತಕ್ಕೇ ದ್ರೋಹ. ಇದು ನನ್ನೊಬ್ಬಳ ಅಭಿಪ್ರಾಯವೂ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಧರ್ಮಪ್ರಸಾರದ ಆದೇಶಪತ್ರ, ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಯೇಸುವಿನ ಮೇಲಿನ ಪ್ರೀತಿಯಿಂದಲೇ ನಾನು ಇಲ್ಲಿಗೆ ಬಂದದ್ದು. ಅದನ್ನು ಮುಚ್ಚಿಟ್ಟು ‘ಬರೀ ಸಮಾಜಸೇವೆಗೆ ಬಂದೆ’ ಎಂದರೆ ಸುಳ್ಳಾಗುತ್ತದೆ. ಯಾರಾದರೂ ಕೇಳಿದರೆ ಹೇಳುತ್ತೇನೆ, ಸಂತೋಷದಿಂದ ಹೇಳುತ್ತೇನೆ. ಆದರೆ ಇಲ್ಲಿನ ಕ್ರಮ ನೋಡಿ. ದೀಕ್ಷಾಸ್ನಾನ ಬೇಕೆಂದು ಬರುವ ದೊಡ್ಡವರಿಗೆ ನಮ್ಮ ಧರ್ಮಕೇಂದ್ರದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ತರಗತಿ ನಡೆಯುತ್ತದೆ. ಪಾಠ ಮಾಡುವವರು ಇದೇ ಊರಿನ ಧರ್ಮೋಪದೇಶಕರು, ನಾನಲ್ಲ. ಲವಿಜರಿಯವರು ತಮ್ಮ ಕಾಲದಲ್ಲಿ ನಾಲ್ಕು ವರ್ಷ ಕಾಯಿಸಬೇಕೆಂದು ವಿಧಿಸಿದ್ದರು. ಮಾತ್ರೆ ಕೊಡುವಾಗ ನಾನು ಹೆಸರು, ವಯಸ್ಸು, ತೂಕ ಕೇಳುತ್ತೇನೆ. ಧರ್ಮ ಬರೆಯುವ ಕಾಲಂ ನಮ್ಮ ಪುಸ್ತಕದಲ್ಲಿಲ್ಲ. ಈ ದೇಶದ ಜನಗಣತಿಯಲ್ಲೂ 1967ರ ನಂತರ ಧರ್ಮ ಯಾವುದೆಂದು ಕೇಳಿಲ್ಲ.

ನಮ್ಮ ದವಾಖಾನೆಯಲ್ಲಿ ರಕ್ತಪರೀಕ್ಷೆ ಮಾಡುವ ಅಣ್ಣ ಮುಸಲ್ಮಾನರು. ಈದ್ ದಿನ ಅವರ ಮನೆಯ ಪಿಲಾವು ನಮ್ಮ ಮಠಕ್ಕೆ ಬರುತ್ತದೆ. ರಂಜಾನಿನಲ್ಲಿ ಅವರು ಉಪವಾಸವಿದ್ದಾಗ ಮಧ್ಯಾಹ್ನದ ಓಡಾಟದ ಕೆಲಸಗಳನ್ನು ನಾನು ಹಚ್ಚಿಕೊಳ್ಳುತ್ತೇನೆ. ಒಂದೇ ಮನೆಯಲ್ಲಿ ಅಣ್ಣ ಮಸೀದಿಗೆ, ತಂಗಿ ಚರ್ಚಿಗೆ ಹೋಗುವುದು ಇಲ್ಲಿ ಸಾಮಾನ್ಯ. ಹಳೆಯ ಕಾಲದ ಮಿಷನರಿಗಳು ಕೆಲವೆಡೆ ಜನರ ಡೋಲು, ಕುಣಿತಗಳನ್ನು ಪಾಪವೆಂದು ನಿಲ್ಲಿಸಿದ್ದರು. ಆ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಅಳುಕಿಲ್ಲ. ನಿಮ್ಮ ಪ್ರಶ್ನೆಯ ಹಿಂದೆ ಇರುವ ನೋವು ಅಂಥ ತಪ್ಪುಗಳಿಂದ ಬಂದದ್ದಾಗಿದ್ದರೆ ನನಗದು ಅರ್ಥವಾಗುತ್ತದೆ.

ಅಲ್ಲಿ ಏನು ಊಟ ಸಿಗುತ್ತದೆ ಸಿಸ್ಟರ್?
— ಒಂಬತ್ತನೇ ತರಗತಿ ಹುಡುಗ

ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ನೋಡಲು ಬಿಳಿ ಮುದ್ದೆ. ಆದರೆ ನುಂಗುವುದಿಲ್ಲ, ಅಗಿಯುತ್ತಾರೆ. ಜೊತೆಗೆ ಹುರುಳಿಕಾಯಿ ಜಾತಿಯ ಕಾಳು, ದಂಟಿನ ಸೊಪ್ಪು, ಸರೋವರದ ಡಗಾ ಎಂಬ ಕಿರುಬೆರಳಿನಷ್ಟು ಮೀನು. ಡಗಾ ಹಿಡಿಯುವುದು ತಿಂಗಳ ಬೆಳಕಿಲ್ಲದ ರಾತ್ರಿಗಳಲ್ಲಿ, ದೋಣಿಗೆ ದೀಪ ಕಟ್ಟಿಕೊಂಡು. ದಡದಲ್ಲಿ ನಿಂತು ನೋಡಿದರೆ ನೀರಿನ ಮೇಲೆ ಒಂದು ಊರೇ ಇದೆ ಅನ್ನಿಸುತ್ತದೆ. ಈ ಸರೋವರ ಸುಮಾರು 68,800 ಚದರ ಕಿಲೋಮೀಟರ್, ಕರ್ನಾಟಕದ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಆಚೆ ದಡ ಕಾಣುವುದೇ ಇಲ್ಲ.

ಬೆಳಗಿನ ತಿಂಡಿಗೆ ಉಜಿ, ಅಂದರೆ ಗಂಜಿ. ಬಂದ ಮೂರನೆಯ ದಿನ ಕಂದುಬಣ್ಣದ ಉಜಿ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಕಣ್ಣು ತುಂಬಿತ್ತು. ಅದು ರಾಗಿ! ಇಲ್ಲಿ ಅದಕ್ಕೆ ಉಲೆಝಿ ಎನ್ನುತ್ತಾರೆ. ರಾಗಿಯ ಮೂಲ ನೆಲವೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಇಲ್ಲಿಂದಲೇ ಅದು ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂದದ್ದು.

ನನ್ನ ಮಗಳಿಗೆ ಇಪ್ಪತ್ಮೂರು ವರ್ಷ. ಆಫ್ರಿಕಾದ ಮಿಷನ್‌ಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ದೇವರಿಗೆ ಕೊಟ್ಟ ಮಗಳು, ತಡೆಯಬಾರದು ಎಂದು ಗೊತ್ತು. ಆದರೆ ರಾತ್ರಿ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಯವಿಲ್ಲ ಎಂದು ಹೇಳಿ ನಿಮ್ಮನ್ನು ಕಳಿಸಿಬಿಡುವುದು ಸುಲಭ, ಆದರೆ ಅದು ನಿಜವಲ್ಲ. ನನಗೆ ಇಲ್ಲಿ ಮೂರು ಸಲ ಮಲೇರಿಯಾ ಬಂದಿದೆ. ಸರೋವರದ ನೀರಿಗಿಳಿದರೆ ಕಿಚೋಚೊ ಎಂಬ ಹುಳುವಿನ ರೋಗ ಅಂಟಬಹುದು. ನೀರು ಎಷ್ಟೇ ತಿಳಿಯಾಗಿದ್ದರೂ ನಾನು ಕಾಲಿಡುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಉಕಾರಾ ದ್ವೀಪದ ಹತ್ತಿರ ‘ಎಂವಿ ನ್ಯೆರೆರೆ’ ಎಂಬ ದೋಣಿ ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಮಿತಿಮೀರಿ ಜನ ಹತ್ತಿದ್ದರು. ಹಾಗಾಗಿ ತುಂಬಿದ ದೋಣಿ ಕಂಡರೆ ನಾನು ಮುಂದಿನದಕ್ಕೆ ಕಾಯುತ್ತೇನೆ, ಅದು ಮಾರನೆಯ ದಿನವಾದರೂ. ಬೈಕಿನ ಹಿಂದೆ ಕೂರಬೇಕಾದರೆ ಹೆಲ್ಮೆಟ್ ಕೇಳುತ್ತೇನೆ, ಇಲ್ಲದಿದ್ದರೆ ನಡೆಯುತ್ತೇನೆ. ಪರದೆಯಿಲ್ಲದೆ ಮಲಗುವುದಿಲ್ಲ. ನಿಮ್ಮ ಮಗಳಿಗೆ ಇಷ್ಟನ್ನು ಹೇಳಿ: ಎಚ್ಚರಿಕೆ ತಪ್ಪುವುದು ವಿಶ್ವಾಸದ ಗುರುತಲ್ಲ. ಹುಷಾರಿಲ್ಲದ ಸಿಸ್ಟರ್ ಒಬ್ಬರಿದ್ದರೆ ಉಳಿದ ಮೂವರ ಕೆಲಸವೂ ನಿಲ್ಲುತ್ತದೆ.

ಜನರ ಭಯವೇ ನಿಮ್ಮನ್ನು ಕಾಡುತ್ತಿದ್ದರೆ, ಅದರ ಬಗ್ಗೆ ನನಗೆ ಬೇರೆಯೇ ಅನುಭವವಿದೆ. ಈ ಸೀಮೆಯಲ್ಲಿ 1980ರ ದಶಕದಿಂದ ಸುಂಗುಸುಂಗು ಎಂಬ ಊರ ಕಾವಲು ಕೂಟಗಳಿವೆ. ದನಗಳ್ಳರಿಂದ ಕಾಪಾಡಿಕೊಳ್ಳಲು ಸುಕುಮಾ ಮತ್ತು ನ್ಯಾಮ್ವೆಝಿ ಜನ ಕಟ್ಟಿಕೊಂಡದ್ದು. ಮಠದ ಪಕ್ಕದ ದಾರಿಯಲ್ಲಿ ರಾತ್ರಿ ಅವರ ಹೆಜ್ಜೆ ಸದ್ದು ಕೇಳುತ್ತದೆ. ಬೀದಿಯಲ್ಲಿ ಮಕ್ಕಳು ನನ್ನನ್ನು ಕಂಡರೆ ‘ಶಿಕಾಮೋ’ ಎನ್ನುತ್ತಾರೆ. ಅದು ಹಿರಿಯರಿಗೆ ಮಾತ್ರ ಹೇಳುವ ನಮಸ್ಕಾರ. ನಾನು ‘ಮರಹಾಬಾ’ ಎನ್ನಬೇಕು. ದಿನಕ್ಕೆ ನೂರು ಸಲವಾದರೂ ಹೀಗೆ ಒಬ್ಬರಿಗೊಬ್ಬರು ಕೂಗಿ ಮಾತಾಡಿಸದೆ ಯಾರೂ ಹಾದುಹೋಗುವುದಿಲ್ಲ. ಹೀಗೆ ಎಲ್ಲರ ಕಣ್ಣಿಗೆ ಬೀಳುತ್ತಾ ಇರುವ ಹುಡುಗಿ ಒಂಟಿಯಾಗಿರುವುದಿಲ್ಲ, ಅಮ್ಮಾ.

ಮಗಳು ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳಿ. ‘ವಾಪಸ್ ಯಾವಾಗ ಬರ್ತೀಯಾ’ ಎಂದು ಮೊದಲ ವರ್ಷ ಕೇಳಬೇಡಿ. ನನ್ನ ಅಮ್ಮ ಕೇಳುತ್ತಿದ್ದರು. ಫೋನಿಟ್ಟ ಮೇಲೆ ಆ ದಿನ ನನ್ನಿಂದ ಯಾವ ಕೆಲಸವೂ ಆಗುತ್ತಿರಲಿಲ್ಲ.

ನಿಮಗೆ ಸಂಬಳ ಎಷ್ಟು? ವೀಸಾ ಹೇಗೆ?
— ಹೆಸರು ಬರೆಯದ ಓದುಗ

ನನ್ನ ಹೆಸರಿನಲ್ಲಿ ಸಂಬಳವಿಲ್ಲ. ದುಡಿದದ್ದೆಲ್ಲ ಮಠದ ಒಂದೇ ಪೆಟ್ಟಿಗೆಗೆ ಹೋಗುತ್ತದೆ, ಅದರಿಂದಲೇ ಅಕ್ಕಿ, ಸೋಪು, ಲುಕು. ತಿಂಗಳಿಗೆ ಕೈಖರ್ಚಿಗೆಂದು ಸ್ವಲ್ಪ ಶಿಲ್ಲಿಂಗ್ ಕೊಡುತ್ತಾರೆ, ಅದರ ಲೆಕ್ಕವನ್ನೂ ಬರೆದಿಡುತ್ತೇನೆ. ಬಡತನದ ವ್ರತ ಎಂದರೆ ಇಷ್ಟೇ. ಆದರೆ ಹೊತ್ತಿಗೆ ಸರಿಯಾಗಿ ಊಟ ಸಿಗುವ ನಾನು, ಅದು ಸಿಗದ ಮನೆಗಳ ನಡುವೆ ‘ಬಡವಳು’ ಎಂದು ಹೇಳಿಕೊಳ್ಳಲು ನಾಚುತ್ತೇನೆ. ಪರವಾನಗಿಯ ವಿಷಯಕ್ಕೆ ಬಂದರೆ, ತಾಂಜಾನಿಯಾದಲ್ಲಿ ವಾಸದ ಪರವಾನಗಿಗೆ ಎ, ಬಿ, ಸಿ ಎಂಬ ವರ್ಗಗಳಿವೆ. ಬಂಡವಾಳ ಹೂಡುವವರಿಗೆ ಎ, ಕೆಲಸಕ್ಕೆ ಬರುವವರಿಗೆ ಬಿ, ಮಿಷನರಿಗಳು ಮತ್ತು ವಿದ್ಯಾರ್ಥಿಗಳಂಥವರಿಗೆ ಸಿ. ನರ್ಸ್ ಆದ್ದರಿಂದ ಇಲ್ಲಿನ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯೂ ಆಗಬೇಕಿತ್ತು.

ಹಬ್ಬಗಳಲ್ಲಿ, ದುಃಖದಲ್ಲಿ, ಮನೆಯವರಿಲ್ಲದೆ ಹೇಗಿರುತ್ತೀರಿ? ಒಂಟಿತನ ಕಾಡುವುದಿಲ್ಲವೇ?
— ವಿದೇಶದಲ್ಲಿ ಉದ್ಯೋಗದಲ್ಲಿರುವ ಓದುಗಿ

ಹಬ್ಬ ಹೇಗೋ ಕಳೆದುಹೋಗುತ್ತದೆ. ಭಾನುವಾರದ ಪೂಜೆಯಲ್ಲಿ ಕಾಣಿಕೆ ಸಾಲಿನಲ್ಲಿ ಕೋಳಿ, ಬಾಳೆಗೊನೆ, ಜೋಳದ ಚೀಲ ಕುಣಿಯುತ್ತಾ ಬರುತ್ತವೆ. ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಕೇಕೆಗೆ ಮಾಡು ನಡುಗುತ್ತದೆ. ಜೂನ್ ಹೊತ್ತಿಗೆ, ಪರಮಪ್ರಸಾದದ ಹಬ್ಬದ ಸುಮಾರಿಗೆ, ಮ್ವಾಂಝಾ ಹತ್ತಿರದ ಬುಜೋರಾದಲ್ಲಿ ಬುಲಾಬೊ ಕುಣಿತದ ಹಬ್ಬ. ಬಗಿಕಾ, ಬಗಾಲು ಎಂಬ ಎರಡು ಪಂಗಡಗಳು ಒಂದೇ ಹೊತ್ತಿಗೆ ಎದುರುಬದುರು ಕುಣಿಯುತ್ತವೆ. ಯಾರ ಕಡೆ ಜನ ಹೆಚ್ಚು ಸೇರಿದರೋ ಅವರೇ ಗೆದ್ದವರು. ಹೆಬ್ಬಾವು ಹಿಡಿದು ಕುಣಿಯುತ್ತಾರೆ. ಕುಣಿತ ನಿಲ್ಲಿಸಿದ ಮಿಷನರಿಗಳ ವಿಷಯ ಮೇಲೆ ಬರೆದೆನಲ್ಲ, ಬುಜೋರಾದಲ್ಲಿ ಕೆನಡಾದ ಫಾದರ್ ಡೇವಿಡ್ ಕ್ಲೆಮೆಂಟ್ ಅದಕ್ಕೆ ಪೂರ್ತಿ ವಿರುದ್ಧವಾದ ದಾರಿ ಹಿಡಿದರು. ಸುಕುಮಾ ಜನರ ಡೋಲು, ಸಿಂಹಾಸನ, ಕುಣಿತಗಳಿಗೆ ಜಾಗ ಕೊಟ್ಟು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ನನಗೆ ಅವರ ಮೇಲೆ ಬಹಳ ಗೌರವ.

ಒಂಟಿತನದ ಬಗ್ಗೆ ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು.

ನಾನು ಬಂದು ಎರಡನೆಯ ವರ್ಷ. ಪರವಾನಗಿ ನವೀಕರಣಕ್ಕೆಂದು ಪಾಸ್‌ಪೋರ್ಟ್ ಕೊಟ್ಟಿದ್ದೆ, ಕೈಗೆ ಬರಲು ಇನ್ನೂ ದಿನಗಳಿದ್ದವು. ಒಂದು ರಾತ್ರಿ ತಮ್ಮ ಫೋನ್ ಮಾಡಿ ‘ಅಕ್ಕಾ, ಅಪ್ಪ’ ಎಂದ. ಅಷ್ಟೇ ಅಂದ. ಮಣ್ಣಿಗೆ ಹೋಗಲಾಗಲಿಲ್ಲ. ಫೋನಿನ ಪುಟ್ಟ ಪರದೆಯಲ್ಲಿ ಶವಪೆಟ್ಟಿಗೆಯನ್ನು ನೋಡಿದೆ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಆಮೇಲೆ ಚಾರ್ಜ್ ಮುಗಿಯಿತು, ಆ ರಾತ್ರಿ ಕರೆಂಟೂ ಇರಲಿಲ್ಲ.

ಬೆಳಕು ಹರಿಯುವ ಮುಂಚೆ ಅಂಗಳದಲ್ಲಿ ಸದ್ದಾಯಿತು. ‘ಹೋಡಿ’ ಎಂದು ಯಾರೂ ಕೂಗಲಿಲ್ಲ. ಸಾವಿನ ಮನೆಗೆ ಹಾಗೆ ಕೂಗಿಕೊಂಡು ಬರುವುದಿಲ್ಲವಂತೆ. ನಮ್ಮ ಜುಮುಯಿಯಾದ ಹೆಂಗಸರು. ಜುಮುಯಿಯಾ ಎಂದರೆ ಹತ್ತು ಹದಿನೈದು ಮನೆಗಳ ಪ್ರಾರ್ಥನಾ ಕೂಟ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು 1976ರಲ್ಲಿ ಈ ಪುಟ್ಟ ಕೂಟಗಳನ್ನೇ ತಮ್ಮ ಸಭೆಯ ತಳಹದಿ ಎಂದು ತೀರ್ಮಾನಿಸಿದರು. ಆ ಹೆಂಗಸರು ಬಂದು ಜಗುಲಿಯಲ್ಲಿ ಕಾಂಗಾ ಬಟ್ಟೆ ಹಾಸಿ ಕೂತರು. ಇಬ್ಬರು ನೇರ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಗಂಡಸರು ಹೊರಗೆ ಮಾವಿನ ಮರದ ಕೆಳಗೆ ಬೆಂಕಿ ಹಾಕಿಕೊಂಡು ಕೂತರು. ಹೆಣವಿಲ್ಲದ ಮನೆಯಲ್ಲಿ, ಅವರು ಒಮ್ಮೆಯೂ ನೋಡದ ಮನುಷ್ಯನಿಗಾಗಿ, ಮೂರು ದಿನ ಕೂತರು.

ಒಬ್ಬ ಮುದುಕಿ, ಆರು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿದ ತಾಯಿ, ನನ್ನ ಪಕ್ಕ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡರು. ‘ಪೋಲೆ, ಮ್ವನಂಗು’ ಎಂದರು. ನೋವಾಯಿತಲ್ಲ, ನನ್ನ ಮಗುವೇ. ಮೂರು ದಿನದಲ್ಲಿ ಅವರು ನನಗೆ ಬೇರೆ ಮಾತಾಡಲಿಲ್ಲ. ಅದಕ್ಕೂ ಹಿಂದೆ ನಾನು ಎಷ್ಟು ಸಾವಿನ ಮನೆಗಳಿಗೆ ಹೋಗಿ ಎಷ್ಟೆಲ್ಲ ಮಾತಾಡಿದ್ದೆ ಎಂದು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಎರಡನೆಯ ದಿನ ಕೂಟದ ಮುಖ್ಯಸ್ಥೆ ಒಂದು ಡಫ್ತರಿ, ಅಂದರೆ ನೋಟ್‌ಬುಕ್, ತೆರೆದು ನನ್ನ ಮುಂದಿಟ್ಟರು. ರಂಬಿರಂಬಿ ಎಂಬ ಪದ್ಧತಿ ಇದೆ ಇಲ್ಲಿ. ಸಾವಾದ ಮನೆಗೆ ಪ್ರತಿಯೊಬ್ಬರೂ ಕೈಲಾದದ್ದು ಕೊಡುತ್ತಾರೆ, ಹೆಸರಿನ ಮುಂದೆ ಬರೆಯುತ್ತಾರೆ. ಒಬ್ಬರು ಸಾವಿರ ಶಿಲ್ಲಿಂಗ್. ಹಲವರು ಐನೂರು. ಒಬ್ಬರು ಇನ್ನೂರರ ಒಂದು ನಾಣ್ಯ. ಒಂದು ಹೆಸರಿನ ಮುಂದೆ ‘ಮೊಟ್ಟೆ ಎರಡು’ ಎಂದಿತ್ತು. ಆ ಹೆಂಗಸಿನ ಮಗುವಿಗೆ ಹಿಂದಿನ ವಾರ ನಾನು ‘ದಿನಕ್ಕೊಂದು ಮೊಟ್ಟೆ ಕೊಡಿ’ ಎಂದು ಹೇಳಿ ಕಳಿಸಿದ್ದೆ.

ಬೇಡ ಎನ್ನಲು ಬಾಯಿ ತೆರೆದೆ. ನಮ್ಮ ಹಿರಿಯ ಸಿಸ್ಟರ್ ನನ್ನ ತೋಳು ಹಿಡಿದು ‘ತಗೋ’ ಎಂದರು. ತೆಗೆದುಕೊಂಡೆ. ಸಂಜೆ ಜಪಸರದ ಹೊತ್ತಿಗೆ ಕೂಟದ ಹೆಂಗಸರು ಅಪ್ಪನ ಹೆಸರು ಕೇಳಿ, ಬಾಯಲ್ಲಿ ಎರಡು ಮೂರು ಸಲ ಹೊರಳಿಸಿ ಅಭ್ಯಾಸ ಮಾಡಿಕೊಂಡು, ಪ್ರಾರ್ಥನೆಯಲ್ಲಿ ಸರಿಯಾಗಿ ಕರೆದರು. ಮುಖ ಹೇಗಿತ್ತು, ತೋರಿಸು ಎಂದರು. ಚಿತ್ರಗಳೆಲ್ಲ ಸತ್ತ ಫೋನಿನೊಳಗಿದ್ದವು.

ಅಕ್ಕಾ, ಒಂಟಿತನ ಕಾಡುತ್ತದೆ. ಈಗಲೂ. ಬಟ್ಟೆ ಒಣಹಾಕುವಾಗ, ಕಾರಣವೇ ಇಲ್ಲದೆ. ಆದರೆ ಆ ಮೂರು ದಿನದ ನಂತರ ನಾನು ಈ ಊರಿಗೆ ಬಂದವಳಲ್ಲ, ಈ ಊರಿನವಳು.

ಮುಂದಿನ ತಿಂಗಳು ಎರಡು ವರ್ಷದ ಸೇವೆಗಾಗಿ ಹೊರಡುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಳ್ಳಲಿ?
— ಇಪ್ಪತ್ತೈದರ ಯುವಕ

ತಮ್ಮಾ, ಬಟ್ಟೆ ಕಡಿಮೆ ಇರಲಿ, ಅಲ್ಲಿಯೇ ಹೊಲಿಸಿಕೊಳ್ಳಬಹುದು. ಒಳ್ಳೆಯ ಟಾರ್ಚ್. ಗಟ್ಟಿ ಚಪ್ಪಲಿ, ಒಂದು ಜೊತೆ ಮುಚ್ಚಿದ ಬೂಟು. ತಾಂಜಾನಿಯಾಕ್ಕೆ ಬರುವುದಾದರೆ ಪ್ಲಾಸ್ಟಿಕ್ ಕೈಚೀಲ ತರಬೇಡ, 2019ರ ಜೂನ್‌ನಿಂದ ನಿಷೇಧವಿದೆ. ವೈದ್ಯರ ಚೀಟಿ ಇರುವ ಮಾತ್ರೆಗಳನ್ನು ಚೀಟಿಯ ಸಮೇತ ತಾ. ಕನ್ನಡದ ಬೈಬಲ್ ಒಂದಿರಲಿ. ದಿನವಿಡೀ ಬೇರೆ ಭಾಷೆಯಲ್ಲಿ ಪ್ರಾರ್ಥಿಸಿ ದಣಿದ ರಾತ್ರಿ, ನಿನ್ನ ಭಾಷೆಯಲ್ಲಿ ಒಂದು ಕೀರ್ತನೆ ಓದಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಉಡುಗೊರೆಗಳನ್ನು ತುಂಬಿಕೊಂಡು ಬರಬೇಡ. ಮೊದಲ ದಿನವೇ ಕೊಡುವವನಾಗಿ ನಿಂತುಬಿಟ್ಟರೆ ಆಮೇಲೆ ಯಾರೂ ನಿನಗೆ ಏನನ್ನೂ ಕಲಿಸುವುದಿಲ್ಲ.

ಮತ್ತೆ, ಅಪ್ಪ, ಅಮ್ಮ, ಅಜ್ಜಿ, ಅಕ್ಕತಂಗಿಯರು, ಮನೆಯ ನಾಯಿ, ಎಲ್ಲರೂ ಇರುವ ಒಂದು ಫೋಟೊ ತಾ. ಫೋನಿನಲ್ಲಿ ಅಲ್ಲ, ಕಾಗದದ ಮೇಲೆ ಅಚ್ಚು ಹಾಕಿಸಿ. ಎರಡು ಪ್ರತಿ.